ಏಳನೇ ನಮೂದು

ಪದಕ್ಕೆ ಅರವತ್ತು ಪೈಸೆ, ಅಂದರು ಕ್ಷೀರಸಾಗರ ಸಾಹೇಬರು,
ಸಮಾಸವಾದರೆ ಒಂದೇ ಪದ, ಒಡೆದು ಬರೆಯಬೇಡಿ ಬಾಯಿ.
ಮೇಜಿನ ಮೇಲೆ ಹಳದಿ ಹಾಳೆ:
'ವಸಂತದಲ್ಲಿ ಸೊಲ್ಲಾಪುರ'.
ಮರಾಠಿ ಆಗಿದೆ, ಹಿಂದಿ ಆಗಿದೆ, ಇಂಗ್ಲಿಷೂ ಆಗಿದೆ.
ಕನ್ನಡವೂ ಇರಲಿ, ಅಂದರಂತೆ ಮೇಲಿನವರು ಯಾರೋ.
ಇಂಡಿಯಿಂದ, ಚಡಚಣದಿಂದ ಬರುತ್ತಾರಲ್ಲ ಜನ
ದೊಡ್ಡ ದವಾಖಾನೆಗೆ,
ಒಂದು ಸಂಜೆ ಎಲ್ಲಾದರೂ ತಿರುಗಾಡಲಿ.

ನಾನು ಪಾಲಿಕೆಯ ಕನ್ನಡ ಶಾಲೆಯ ಅಕ್ಕೋರು.
ಏಳನೆತ್ತೆಯಲ್ಲಿ ಹನ್ನೊಂದು ಮಕ್ಕಳು;
ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು,
ಜಗಳಕ್ಕೆ ಮರಾಠಿ.

ಹಾಳೆಯಲ್ಲಿ ಆರು ಸಲ 'ವಿಲೋಭನೀಯ'.
ಕೆರೆ ವಿಲೋಭನೀಯ, ಕೋಟೆ ವಿಲೋಭನೀಯ,
ಕೋಟೆಯೊಳಗಿನ ಹುಲ್ಲು ಸಹ.
ಆರಕ್ಕೂ 'ಸುಂದರ' ಎಂದು ಬರೆದುಕೊಟ್ಟರೆ
ಮೂರು ರೂಪಾಯಿ ಅರವತ್ತು ಪೈಸೆ.
ಮನಸ್ಸು ಒಪ್ಪಲಿಲ್ಲ. ಆದಿತ್ಯವಾರ ಚೀಲ ಹೆಗಲಿಗೇರಿಸಿ
ನೋಡಿಬರಲು ಹೊರಟೆ, ಇದೇ ಊರಲ್ಲಿ ಹುಟ್ಟಿದವಳು.

ಕೋಟೆಯ ಗೋಡೆಗೆ ಬೆನ್ನು ಕೊಟ್ಟರೆ
ಮಾರ್ಚಿನ ಬಿಸಿಲು ಅಂಗಿಯೊಳಗೆ ಕೈ ಹಾಕುತ್ತದೆ.
ಬೇವು ಹೂ ಬಿಟ್ಟಿತ್ತು.
ಪಹರೆಯವನ ಟೋಪಿಯ ತುಂಬ ಹೂವು,
ಅವನಿಗೆ ನಿದ್ದೆ.
ಮುಚ್ಚಿದ ಗಿರಣಿಯ ಚಿಮಣಿ ಪಟ್ಟಿಯಲ್ಲಿಲ್ಲ,
ಆದರೆ ಎಲ್ಲಿ ನಿಂತರೂ ಅದೇ ಕಾಣುತ್ತದೆ.
ನಮ್ಮಪ್ಪ ಅದರ ಭೋಂಗಾ ಕೇಳಿ ಊಟಕ್ಕೆ ಕೂರುತ್ತಿದ್ದ.

ರಂಗಪಂಚಮಿಗೆ ಬಂಡಿಯ ಮೇಲೆ ಬಣ್ಣದ ಪೀಪಾಯಿ,
ಹಾಳೆ ಹೇಳುತ್ತದೆ 'ಪ್ರವಾಸಿಗರೂ ಭಾಗವಹಿಸಬಹುದು'.
ನಾನು ಬರೆದೆ: ಹಳೆ ಬಟ್ಟೆ ಹಾಕಿಕೊಂಡು ಬನ್ನಿ,
ಬೇಡ ಅಂದರೂ ಯಾರೂ ಬಿಡುವುದಿಲ್ಲ.

ಕೆರೆಯ ದಂಡೆಯ ಬೆಂಚಿನ ಪಕ್ಕ
ನೆಲಕ್ಕೇ ಕೂತಿದ್ದಳು ಒಬ್ಬ ಹೆಣ್ಣುಮಗಳು,
ಮಡಿಲಲ್ಲಿ ಎಕ್ಸ್‌ರೇ ಲಕೋಟೆ,
ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ.
ಗಂಡನಿಗೆ ಕಿಡ್ನಿ ಕಲ್ಲು; ನಾಳೆ ತೆಗೀತಾರ.
'ಅಕ್ಕಾ, ಈ ಬಾಕಿನ ಮ್ಯಾಲ ಕುಂತ್ರ
ರೊಕ್ಕ ಕೊಡಬೇಕೇನು?'

ಮೊದಲನೇ ನಮೂದಿನ ಕೊನೆಗೆ ಸೇರಿಸಿದೆ:
ಕೂಡಲಿಕ್ಕೆ ರೊಕ್ಕ ಇಲ್ಲ.
ಮೂರು ಪದ. ಮೂಲದಲ್ಲಿ ಇಲ್ಲ.

ಏಳನೆಯದು ನಾನಜದ ಮಾಳ, ಪಕ್ಷಿಧಾಮ.
ಮಾಳಢೋಕಕ್ಕೆ ಕನ್ನಡದಲ್ಲಿ ಏನು?
ನಿಘಂಟಿನಲ್ಲಿ ಹುಡುಕುವ ಮೊದಲೇ
ಬಾಯಿಗೆ ಬಂತು ನಮ್ಮ ಆಯಿಯ ಮಾತು,
ಎರೆಬೂತ.
ಎರೆಹೊಲದಲ್ಲಿ ಎದ್ದು ನಿಂತರೆ ಕುರಿಮರಿಯಷ್ಟೆತ್ತರ,
ಹಾರಿದರೆ ಕೌದಿ ಝಾಡಿಸಿದ ಸದ್ದು,
ಅನ್ನುತ್ತಿದ್ದಳು. ಆಕೆ ನೋಡಿದ್ದಳು.
ನಾನು ಆ ಪದವನ್ನಷ್ಟೇ ನೋಡಿದ್ದೇನೆ.

ಸಾಹೇಬರು ಕೆಂಪು ಪೆನ್ನು ತೆಗೆದರು:
'ಅದು ಈಗೀಗ ಕಾಣಸೋದಿಲ್ಲ ಬಾಯಿ,
ತೆಗೆದುಹಾಕಿ. ಜನ ಬಂದು ಸುಮ್ಮನೆ ಬೈತಾರೆ.'
ಮರಾಠಿಯಲ್ಲಿ ತೆಗೆದರು, ಹಿಂದಿಯಲ್ಲಿ ತೆಗೆದರು.
ಕನ್ನಡದ್ದನ್ನು ಯಾರು ಓದುತ್ತಾರೆ?
ಅಚ್ಚಿಗೆ ಹೋಯಿತು ಹಾಗೆಯೇ,
ಅಂಬಾದಾಸ ಚಿಪ್ಪಾನ ಪ್ರೆಸ್ಸಿಗೆ.
ಅವನಿಗೆ ಲಿಪಿ ಬರುವುದಿಲ್ಲ, ಅರ್ಧ ಗುರುತು ಮಾತ್ರ.
ಬಿಲ್ಲಿನ ಮೇಲೆ ಬರೆದಿದ್ದ ನನ್ನ ಫೋನ್ ನಂಬರನ್ನೂ
ಏಳನೆಯದರ ಕೆಳಗೆ ದಪ್ಪಕ್ಷರದಲ್ಲಿ ಜೋಡಿಸಿಬಿಟ್ಟ.

ಈಗ ಸಂಜೆ ಆರಕ್ಕೆ ಫೋನು.
ನಾನು ಕಾಪಿ ತಿದ್ದುತ್ತಿರುತ್ತೇನೆ,
ಮೂಲೆಯಲ್ಲಿ ಹಬ್ಬದ ಸಕ್ಕರೆ ಸರಕ್ಕೆ ಇರುವೆ.
ಹಿಂದೆ ದವಾಖಾನೆಯ ಸದ್ದು, ಯಾರದೋ ಹೆಸರು ಕೂಗುವುದು.
'ಹಲೋ, ಎರೆಬೂತದ ಆಫೀಸೇನ್ರಿ?
ನಾಳಿಗಿ ಡಿಸ್ಚಾರ್ಜ್ ಐತಿ. ಹುಡುಗರು ಹಟ ಹಿಡಿದಾವ.
ಎಷ್ಟೊತ್ತಿಗೆ ಬಂದ್ರ ಕಾಣ್ತದ?'

ತಪ್ಪು ನಂಬರು ಅನ್ನಬೇಕು.
ಅನ್ನುವುದಿಲ್ಲ.
ಮುಂಜಾನೆ ಹೊರಡ್ರಿ, ಬಿಸಿಲು ಏರೂದ್ರಾಗ,
ನೀರು ತಗೊಳ್ರಿ, ಟೋಪಿ ಹಾಕ್ರಿ ಹುಡುಗರಿಗೆ,
ಹುಲ್ಲಿನಾಗ ಗಪ್‌ಚುಪ್ ಕುಂಡ್ರಬೇಕು.

'ಬರತದಲ್ರೀ?'

ಕುಂಡ್ರಲಿಕ್ಕೆ ರೊಕ್ಕ ಇಲ್ಲ, ಅಂತೀನಿ.