ಮೂವತ್ತೊಂದನೆಯ ನಂಬರು

ಹದಿನಾಲ್ಕು ಸಲ ಚೀಟಿ ಹಾಕಿದ್ದೆ.
ಹದಿನೈದನೆಯದಕ್ಕೆ ಬಂತು:
ಬುಧವಾರ, ಸರಕಾರಿ ಜೌಗು, ಸಾಲಿನಲ್ಲಿ ಮೂವತ್ತೊಂದನೆಯವಳು.

ಅಂಗಡಿಯ ಹಿಂದೆ, ಐಸಿನ ಕೋಣೆಯ ಬಾಗಿಲಿಗೊರಗಿ
ಎರಡು ಸಲ ಓದಿದೆ. ಕೈಗವಸಿನ ತುದಿಗೆ ಕೋಳಿಯ ತೇವ.
ವಿಲ್ಲೋಸ್ ಊರಿನ ಈ ಮಾಂಸದ ಕೌಂಟರಿನಲ್ಲಿ ಒಂಬತ್ತು ವರ್ಷ
ತೊಡೆ, ಎದೆ, ರೆಕ್ಕೆ ಬೇರೆ ಬೇರೆ ಮಾಡಿ ತೂಗಿದ್ದೇನೆ;
ಒಂದನ್ನೂ ಕೊಂದವಳಲ್ಲ.
ಕೊಂದದ್ದು ಯಾರೋ, ಎಲ್ಲೋ, ಹೆಸರಿಲ್ಲದೆ.
ಆ ಲೆಕ್ಕ ನನ್ನ ಹತ್ತಿರ ಬಾಕಿ ಉಳಿದಿತ್ತು.

ಬೇಕರಿಯ ಮಾಯ್ ಯಿಯಾ ನಕ್ಕಳು:
"ಮೂವತ್ತೊಂದಾ? ಸಿಗಬಹುದು, ಸಿಗದೇ ಇರಬಹುದು.
ನಿನ್ನ ಮುಂದಿನವರಿಗೆಲ್ಲ ಗಾಢನಿದ್ದೆ ಬರಲಿ ಅಂತ ಬೇಡಿಕೋ."
ಅವಳು ದಿನಾ ಎರಡೂವರೆಗೇ ಏಳುವವಳು, ಬ್ರೆಡ್ಡಿಗಾಗಿ.
ಬಾತಿಗಾಗಿ ಏಳುವುದು ಅವಳಿಗೆ ರಜೆ.

ಮೊದಲು ಬೂಟು. ಎದೆಮಟ್ಟದ ರಬ್ಬರಿನದು, ಯಾರದೋ ಹಳೆಯದು,
ನನ್ನ ಜೊತೆ ಇನ್ನೊಬ್ಬಳು ನಿಲ್ಲುವಷ್ಟು ದೊಡ್ಡದು.
ಬಚ್ಚಲ ತೊಟ್ಟಿಗೆ ನೀರು ತುಂಬಿ, ಹಾಕಿಕೊಂಡು ನಿಂತೆ.
ಎಡಮೊಣಕಾಲ ಹತ್ತಿರ ಸೂಜಿಯಷ್ಟು ತಣ್ಣಗೆ ಒಂದು ಸುದ್ದಿ.
ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಣಗಿಸಿ, ಅಂಟು ಮೆತ್ತಿದೆ.

ಆಮೇಲೆ ಹುಸಿಬಾತುಗಳು: ಒಂದು ಡಜನ್,
ಯಾರದೋ ಗರಾಜಿನಲ್ಲಿ ಇಪ್ಪತ್ತು ಡಾಲರಿಗೆ.
ಹೊಟ್ಟೆಯಡಿ ಹಳೆಯ ಒಡೆಯನ ಇನಿಶಿಯಲ್ಲು ಕೊರೆದಿತ್ತು.
ತಲೆಯ ಹಸಿರು ಸವೆದ ಕಡೆ ಉಗುರುಬಣ್ಣ ಬಳಿದೆ.
ಕಾರ್ಪೆಟ್ಟಿನ ಮೇಲೆ ಗಂಟು ಹಾಕುತ್ತಾ ಕೂತೆ —
ಹನ್ನೆರಡು ದಾರ, ಹನ್ನೆರಡು ಸೀಸದ ಗುಂಡು,
ಹನ್ನೆರಡು ಜೊತೆ ರೆಪ್ಪೆ ಬಡಿಯದ ಕಣ್ಣು.

ಕೂಗು ಕಲಿಯಬೇಕು. ತುಟಿಗಿಟ್ಟು ಊದುವ ಮರದ ತುಂಡು.
ಮನೆಯಲ್ಲಿ ಊದಿದರೆ ಪಕ್ಕದವನು ಗೋಡೆ ಗುದ್ದುತ್ತಾನೆ.
ಊಟದ ಬಿಡುವಿನಲ್ಲಿ, ಕಾರಿನ ಗಾಜು ಏರಿಸಿ, ಊದಿದೆ.
ಮೊದಲ ವಾರ ಎಮ್ಮೆ. ಎರಡನೆಯ ವಾರ ನೆಗಡಿಯಾದ ಮೇಷ್ಟ್ರು.
ಮೂರನೆಯ ವಾರ
ತಳ್ಳುಗಾಡಿ ಜೋಡಿಸುವ ಹುಡುಗ ನಿಂತು ಆಕಾಶ ನೋಡಿದ.
ಅಷ್ಟು ಸಾಕು.

ಕಷ್ಟದ್ದು ಹೆಸರು.
ಸೂಜಿಬಾಲ ಇಷ್ಟೇ, ಕೆಂಪುತಲೆ ಇಷ್ಟೇ, ಹೆಣ್ಣಿಗೆ ಬೇರೆ ಮಿತಿ;
ಮೀರಿದರೆ ದಂಡ. ಮಸುಕಿನಲ್ಲಿ ಎಲ್ಲ ಹೆಣ್ಣುಗಳೂ ಕಂದು.
ನೆರಳುಚಿತ್ರ ಕತ್ತರಿಸಿ ಅಂಟಿಸಿದೆ
ಫ್ರಿಜ್ಜಿಗೆ, ಕನ್ನಡಿಗೆ, ಸ್ಟೀರಿಂಗಿನ ನಡುವಿಗೆ.
ಕೊರಳು ಉದ್ದವೇ? ರೆಕ್ಕೆಯಂಚು ಬಿಳಿಯೇ?
ತಿರುಗಿದರೆ ಗುಂಪೆಲ್ಲ ಒಂದೇ ಸಲ ತಿರುಗುತ್ತದೆಯೇ?
"ಹೆಸರು ಗೊತ್ತಿಲ್ಲದ್ದಕ್ಕೆ ಗುರಿಯಿಡಬಾರದು," ಎಂದಳು ಮಾಯ್ ಯಿಯಾ,
ಡೋನಟ್ಟಿಗೆ ಸಕ್ಕರೆಪುಡಿ ಉದುರಿಸುತ್ತಾ.
ಈಗ ಸಂಜೆ ಮನೆಗೆ ಹೋಗುವಾಗ
ಗದ್ದೆಯ ನೀರಿಂದ ಏಳುವುದು ಬರೀ ಹಕ್ಕಿಯಲ್ಲ.
ಮೊದಲೇ ಹೀಗೆ ನೋಡಿದ್ದರೆ
ಚೀಟಿ ಹಾಕುತ್ತಿದ್ದೆನೋ ಇಲ್ಲವೋ.

ಮಂಗಳವಾರ ರಾತ್ರಿ. ಉಕ್ಕಿನ ಚರೆಯ ತೋಟಾ ಇಪ್ಪತ್ತೈದು,
ಅದಕ್ಕಿಂತ ಒಂದೂ ಹೆಚ್ಚು ಒಯ್ಯುವಂತಿಲ್ಲ.
ಮೇಜಿನ ಮೇಲೆ ಐದೈದಾಗಿ ನಿಲ್ಲಿಸಿ ಎಣಿಸಿದೆ. ಮತ್ತೆ ಎಣಿಸಿದರೆ
ಇಪ್ಪತ್ತನಾಲ್ಕು. ಒಂದು ಟೀ ಡಬ್ಬಿಯ ಹಿಂದೆ ಉರುಳಿತ್ತು.
ಫ್ಲಾಸ್ಕಿನಲ್ಲಿ ಶುಂಠಿ ಕಾಫಿ, ಒಣ ಕಾಲುಚೀಲ, ಲೈಸೆನ್ಸು.
ಚಾಕು ಮಾತ್ರ ಅಂಗಡಿಯದೇ; ಕೈಗೆ ಪರಿಚಯದ್ದು.

ಮೂರೂಕಾಲಿಗೆ ಚೆಕ್‌ಪೋಸ್ಟಿನ ಮುಂದೆ ಪಿಕಪ್ಪುಗಳ ಸಾಲು, ಮಂಜು,
ನಾಯಿಗಳ ಬಿಸಿಯುಸಿರು. ಒಬ್ಬ ಕೂಗುತ್ತಾನೆ:
ಹನ್ನೆರಡು. ಹದಿಮೂರು. ಹದಿಮೂರು ಬಂದಿಲ್ಲ.
ಮಾಯ್ ಯಿಯಾ ನನ್ನ ಮೊಣಕೈ ಹಿಂಡಿದಳು.
ಗೋಡೆಯ ನಕ್ಷೆಯಲ್ಲಿ ಒಂದೊಂದೇ ಜಾಗ ಮುಗಿಯುತ್ತಾ ಬಂತು.

ಕತ್ತಲಾಚೆ, ಕಾಣದ ನೀರಿನಲ್ಲಿ, ಸಾವಿರಾರು ಕೊರಳು
ಸಂತೆಯ ಹಾಗೆ ಮಾತಾಡುತ್ತಿವೆ.
ನಡುವೆ ಒಂದು ಸಣ್ಣ ಸಿಳ್ಳೆ. ಗಂಡು ಸೂಜಿಬಾಲ.
ನೋಡದೆಯೇ ಗೊತ್ತಾಯಿತು.
ಗೊತ್ತಾದದ್ದಕ್ಕೆ ಹೆದರಿಕೆಯಾಯಿತು.

"ಇಪ್ಪತ್ತೊಂಬತ್ತು," ಎಂದ ಅವನು.
ನಾನು ಜೇಬಿನೊಳಗೆ ಕೈಬಿಟ್ಟು
ತೋಟಾ ಎಣಿಸತೊಡಗಿದೆ.