ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು

ಹಳದಿ ಕ್ಯಾಸೆಟ್ಟಿನ ಮೇಲೆ ಅಷ್ಟು ಆಟ ಎಂದು ಬರೆದಿತ್ತು.
ಇದ್ದದ್ದು ಏಳೇ.
ಎಂಟನೆಯದು ಮತ್ತೆ ಮೊದಲನೆಯದೇ, ಹೆಸರು ಬೇರೆ;
ಹದಿನೈದನೆಯದೂ ಅದೇ, ಆಕಾಶ ಮಾತ್ರ ಒಂದಿಷ್ಟು ಕಪ್ಪು.
ಮಾಲ್ಖಾಜ್ ಆದರೂ ಪಟ್ಟಿಯ ತಳ ಕಾಣಲು ಹೊರಟಿದ್ದ,
ಹೆಬ್ಬೆರಳು ಬೆಳ್ಳಗಾಗುವವರೆಗೆ ಗುಂಡಿ ಒತ್ತಿ ಹಿಡಿದು:
ಯಾರಿಗೆ ಗೊತ್ತು, ಆರು ಸಾವಿರದ ಚಿಲ್ಲರೆಯಲ್ಲೆಲ್ಲೋ
ಮೋಸ ಮಾಡಿದವನೇ ಮರೆತುಬಿಟ್ಟ
ಒಂದು ನಿಜವಾದ ಆಟ ಸಿಕ್ಕೀತು.

ಆ ಚಳಿಗಾಲ ಕುತೈಸಿಯಲ್ಲಿ ಕರೆಂಟು
ಸಾಲ ಪಡೆದ ನೆಂಟನ ಹಾಗೆ, ಮುಖ ತೋರಿಸುವುದೇ ಅಪರೂಪ.
ರಸ್ತೆಯಾಚೆ ಹೆರಿಗೆ ಆಸ್ಪತ್ರೆಗೆ ಮಾತ್ರ ಬೇರೆ ಲೈನು;
ಊರಿಗೆಲ್ಲ ಮಸಿ ಬಳಿದಿರುವಾಗ
ಅಲ್ಲಿ ಮೂರು ಕಿಟಕಿ ಉರಿಯುತ್ತಿದ್ದವು.
ನೂಗ್ಜಾರ್ ಮಾವ ಒಂದು ರಾತ್ರಿ ಕಂಬ ಹತ್ತಿ
ಶಾವಿಗೆಯಂಥ ತಂತಿ ಎಳೆದು ತಂದ.
"ಒಂದೇ ಬಲ್ಬಿಗೆ" ಎಂದ ಅಮ್ಮನಿಗೆ.
ಒಂದೇ ಬಲ್ಬಿಗೆ, ಸರಿ.
ಅಮ್ಮ ಮಲಗಿದ ಮೇಲೆ ನಾವು ಬಲ್ಬು ಆರಿಸಿ
ಟೀವಿ ಹಚ್ಚಿದೆವು.

ಕೋಟು, ಟೊಪ್ಪಿಗೆ ಸಮೇತ ಒಂದೇ ಕಂಬಳಿಯೊಳಗೆ ಆರು ಜನ.
ಕ್ಯಾಸೆಟ್ಟಿಗೆ ಊದುವುದರಲ್ಲಿ ಒಬ್ಬೊಬ್ಬರದು ಒಂದೊಂದು ಪಂಥ.
ಮಾಲ್ಖಾಜ್ ಮೌತ್ ಆರ್ಗನ್ ನುಡಿಸಿದಂತೆ, ಎಡದಿಂದ ಬಲಕ್ಕೆ;
ತ್ಸಿಸಾನಾ ಕಣ್ಣು ಮುಚ್ಚಿ, ಒಂದೇ ಸಲ, ಬಿಸಿ ಸಾರಿಗೆ ಊದಿದಂತೆ;
ನಾನು ಮೊದಲು ಅಂಗೈಗೆ ಊದಿ
ಉಸಿರು ಬೆಚ್ಚಗಿದೆಯೇ ನೋಡಿ, ಆಮೇಲೆ.
ಊದಿದ್ದರಿಂದ ಏನೂ ಆಗುತ್ತಿರಲಿಲ್ಲವಂತೆ,
ತುಕ್ಕು ಹಿಡಿಯುತ್ತಿತ್ತಂತೆ, ಈಗ ಬಲ್ಲವರು ಹೇಳುತ್ತಾರೆ.
ಇರಲಿ. ಆಟ ಶುರುವಾಗುತ್ತಿತ್ತು.

ಎಣಿಸಿದರೆ ಹದಿನಾರು ಚುಕ್ಕಿ ಎತ್ತರದ ಆಳು,
ಮೂಗಿಗೆ ಒಂದೇ ಚುಕ್ಕಿ, ಕೈಯಲ್ಲಿ ಲಾಂದ್ರ.
ಗಣಿ, ಬಾವಲಿ, ಉರುಳುವ ಬಂಡೆ,
ನಾಲ್ಕನೇ ಸುತ್ತಿನಲ್ಲಿ ಮಂಜುಗಡ್ಡೆಯ ಸೇತುವೆ.
ಟೀವಿ ಕಪ್ಪು ಬಿಳುಪು.
ಅವನ ಕೋಟು ಕೆಂಪೆಂದು ಮಾಲ್ಖಾಜ್ ಆಣೆ ಇಟ್ಟ.

ಒಂದು ರಾತ್ರಿ ಬಾಗಿಲಲ್ಲಿ ಸೂಲಗಿತ್ತಿ ಲಮಾರಾ,
ಪಾಳಿ ಮುಗಿಸಿ ಬಂದವಳು, ಬೂಟಿನ ತುಂಬ ಹಿಮ.
ಅವಳ ಕಣ್ಣು ಕಿಟಕಿಯಿಂದ ತಂತಿಯ ಗುಂಟ ನಡೆದು
ಟೀವಿಗೆ ಬಂದು ನಿಂತಿತು.
ನಾವು ಕಲ್ಲು. ಲಾಂದ್ರದವನು ಮಾತ್ರ ನಿಂತಲ್ಲೇ ಕಾಲು ಕುಣಿಸುತ್ತಿದ್ದ.
"ಇನ್ನೆಷ್ಟು ಜೀವ?" ಎಂದಳು.
"ಎರಡು."
ಕೂತಳು. ಕೈಗವಸು ಕಳಚಿದಳು. ಒಂದು ಸುತ್ತು ನೋಡಿದಳು.
ಏಳುವಾಗ ಹೇಳಿದ್ದು ಇಷ್ಟು:
ಮೂರನೇ ಕಿಟಕಿಗೆ ಬಿಳಿ ಟವೆಲು ಬಿದ್ದರೆ
ಹೆರಿಗೆ ನಡೆದಿದೆ. ಆರಿಸಿಬಿಡಿ.

ಟವೆಲು ಬೀಳುತ್ತಿದ್ದದ್ದು ಯಾವಾಗಲೂ ಸೇತುವೆಯ ಹೊತ್ತಿಗೇ.
ಗೆದ್ದದ್ದನ್ನು ಉಳಿಸಿಡುವ ಉಪಾಯ ಆ ಡಬ್ಬಿಗೆ ಗೊತ್ತಿರಲಿಲ್ಲ;
ಆರಿಸಿದರೆ ಆರಿತು, ನಾಳೆ ಮತ್ತೆ ಗಣಿಯ ಬಾಯಿಂದ.
ಮಾಲ್ಖಾಜ್ ಬೈಯುತ್ತಿದ್ದ, ಇನ್ನೂ ಹೆಸರಿಲ್ಲದವರನ್ನು,
ಬೈಯುತ್ತಲೇ ಆರಿಸುತ್ತಿದ್ದ.
ಮಾರ್ಚ್ ಹೊತ್ತಿಗೆ ಗೋಡೆಯ ಮೇಲೆ ಇದ್ದಿಲ ಗೀಟು ಹತ್ತೊಂಬತ್ತು.
ನಮ್ಮೊಂದು ಟೀವಿಯಿಂದ ಅಲ್ಲಿನ ದೀಪ ನಿಜಕ್ಕೂ ಮಂಕಾಗುತ್ತಿತ್ತೋ,
ನಮ್ಮನ್ನು ಮಲಗಿಸಲು ಲಮಾರಾ ಹೂಡಿದ ಹೂಟವೋ,
ಕೇಳೋಣವೆಂದರೆ ಅವಳಿಲ್ಲ.

ಮೊನ್ನೆ ಹಳೆ ಸಾಮಾನಿನ ಸಂತೆಯಲ್ಲಿ, ಬೀಗವಿಲ್ಲದ ಕೀಲಿಗಳ ನಡುವೆ, ಅದೇ ಹಳದಿ.
ಈಗ ಕರೆಂಟು ಹೋಗುವುದಿಲ್ಲ.
ಎದುರಿನ ಕಟ್ಟಡದಲ್ಲಿ ಸೋಫಾ ಮಾರುತ್ತಾರೆ.
ನಡುರಾತ್ರಿ ಸೇತುವೆ ದಾಟಿದೆ.
ಆಚೆ ಇದ್ದದ್ದು ಗಣಿಯ ಬಾಯಿ.
ಅವೇ ಬಾವಲಿ, ತುಸು ವೇಗ, ಅಷ್ಟೇ.
ಸಿಟ್ಟು ಬರಲಿಲ್ಲ. ಅಷ್ಟು ಹೊತ್ತೂ ನನ್ನ ಒಂದು ಕಣ್ಣು
ಅಂಗಡಿಯ ಮೂರನೇ ಕಿಟಕಿಯ ಮೇಲಿತ್ತೆಂದು
ಆಗ ಗೊತ್ತಾಯಿತು.

ಮಾಲ್ಖಾಜ್ ಪೋತಿಯ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ.
ಬರೆದೆ: ಬಣ್ಣದ ಟೀವಿಯಲ್ಲಿ ನೋಡಿದೆ, ಕೋಟು ಹಸಿರು.
ಬೆಳಗಿನ ಜಾವ ಉತ್ತರ ಬಂತು:
ನಿನ್ನ ಟೀವಿ ಕೆಟ್ಟಿದೆ. ಊದಿ ನೋಡು.