ಮೂರು ಚುಕ್ಕೆಯ ಕೆಳಗೆ

ಕ್ಲಾಕ್ಸ್‌ವೀಕ್ ಬಂದರು ಕಚೇರಿ, ರಾತ್ರಿ ಒಂದೂವರೆ.
ಮಾರ್ಯುನಳ ಪರದೆಯ ಮೇಲೆ ಒಂದೇ ಒಂದು ಸಾಲು:
ದೋಣಿಯ ಹೆಸರು ಹೊರಟ ಹೊತ್ತು ಎಣ್ಣೆಯ ಲೆಕ್ಕ
ಬಲೆ ಐಸಿನ ಪೆಟ್ಟಿಗೆ ಅದರೊಳಗೊಂದು ಪೆಟ್ಟಿಗೆ
ಒಂದರ ಬಾಲ ಒಂದು ಕಚ್ಚಿಕೊಂಡು
ಬಲಕ್ಕೆ, ಇನ್ನೂ ಬಲಕ್ಕೆ, ಅಂಚು ದಾಟಿ,
ಉಸಿರು ಬಿಡದೆ ಚಾಡಿ ಹೇಳುವವರ ಹಾಗೆ.

"ಇದನ್ನು ಯಾರಾದರೂ ಓದುತ್ತಾರಾ?"
ಕೇಳಿದವನು ಹಾನುಸ್,
ಮೂವತ್ತೆಂಟು ವರ್ಷ ರೇಡಿಯೊಗೆ ಕಿವಿ ಕೊಟ್ಟವನು.
"ಯಂತ್ರ ಓದುತ್ತದೆ. ಅದಕ್ಕೆ ಜಾಗ ಬೇಡ.
ಜಾಗ ಬೇಕಾಗಿರುವುದು ನಮಗೆ."

ಸಂಜೆ ಆರಕ್ಕೆ ಬರಬೇಕಿದ್ದ ಸೂಲನ್ ಬಂದಿಲ್ಲ.
(ಸೂಲನ್ ಎಂದರೆ ಅವರಲ್ಲಿ ಒಂದು ಬಿಳಿಯ ಕಡಲಹಕ್ಕಿ.)

ಅವಳ ಹತ್ತಿರ ಹನ್ನೊಂದು ಸಾಲಿನ ಹಳೆಯ ಪ್ರೋಗ್ರಾಮು.
ಪುಷ್ಪಾವರಣ ತೆರೆದರೆ ಒಂದು ಸಾಲು ಕೆಳಗಿಳಿ,
ಎರಡಕ್ಷರದಷ್ಟು ಒಳಗೆ ಸರಿ.
ಮುಚ್ಚಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬಾ.
ಅಷ್ಟೇ. ಹೊಸದೇನೂ ಸೇರಿಸುವುದಿಲ್ಲ ಅದು,
ಬರೀ ಬಿಳಿ.

ಸಾಲು ಬಿಚ್ಚಿಕೊಂಡಿತು,
ಗಂಟುಬಿದ್ದ ಒದ್ದೆ ಬಲೆಯನ್ನು ಕಟ್ಟೆಯ ಮೇಲೆ ಹರವಿದ ಹಾಗೆ.
ಅಕ್ಷರದ ಕೆಳಗೆ ಅದರದೇ ಒತ್ತು ನೇತುಬಿದ್ದಂತೆ
ಎಂಜಿನ್ನಿನ ಕೆಳಗೆ ಎಂಜಿನ್ನಿನವು,
ಬಲೆಯ ಕೆಳಗೆ ಬಲೆಯವು.
ಹಾನುಸ್ ಕನ್ನಡಕ ಏರಿಸಿದ:
"ಓ. ಇದು ದೋಣಿ."

ಸಿಬ್ಬಂದಿ: ಆರು.
ಆರು ಹೆಸರೂ ಅವನಿಗೆ ಗೊತ್ತು,
ಇಬ್ಬರು ಷಡ್ಡಕರು, ಒಬ್ಬನಿಗೆ ಹಲ್ಲುನೋವು.
ಅಡುಗೆಯವನ ಹೆಸರಿನ ಕೆಳಗೆ,
ತೀರ ಒಳಗೆ ಸರಿದು, ಮೂರು ಚುಕ್ಕೆ.

"ಇದೇನು?"
"ಅಲ್ಲಿಂದ ಕೆಳಗೆ ಬರೆಯಬೇಡ ಅಂದಿದ್ದೇನೆ."

ಅಂದವಳು ಅವಳೇ. ಹೋದ ವರ್ಷ
ದೋಣಿಯೊಳಗೆ ಮಾಲೀಕ,
ಮಾಲೀಕನೊಳಗೆ ಅವನ ದೋಣಿಗಳು,
ಒಂದೊಂದು ದೋಣಿಯೊಳಗೂ ಮತ್ತೆ ಅವನೇ.
ಬೆಳಗಾಗುವಷ್ಟರಲ್ಲಿ ಪ್ರಿಂಟರಿನಲ್ಲಿ ಕಾಗದ ಉಳಿದಿರಲಿಲ್ಲ,
ನೆಲದ ತುಂಬ ಆ ಒಬ್ಬನೇ ಮನುಷ್ಯ.
ಅಂದಿನಿಂದ ನಾಲ್ಕೇ ಮೆಟ್ಟಿಲು.

ನಾಲ್ಕನ್ನು ಅಳಿಸಿ ಒಂಬತ್ತು ಒತ್ತಿದಳು.

ಅಡುಗೆ: {
    ಸಹಾಯಕ: {
        ಹೆಸರು: ರೋಯಿ
        ವಯಸ್ಸು: ೧೫
        ಷರಾ: ಮಳೆಯಂಗಿ ಎರವಲು, ಅಳತೆ ದೊಡ್ಡದು
    }
}

ಯಾರೋ ಹೊರಡುವ ಗಳಿಗೆಯಲ್ಲಿ
ಹಗ್ಗ ಬಿಚ್ಚುತ್ತಲೇ ತುರುಕಿದ ಹೆಸರು.
ಮೇಲಿನ ಆರನ್ನು ಏಳು ಮಾಡಲು
ಯಾರಿಗೂ ತೋಚಿರಲಿಲ್ಲ.
ತಪ್ಪೇನೂ ಅಲ್ಲ ಅದು.
ಇದ್ದದ್ದು ಇತ್ತು. ಒಳಗಿತ್ತು.

ಹಾನುಸ್ ಮೈಕು ಎತ್ತಿಕೊಂಡ.
ಹೆಲಿಕಾಪ್ಟರಿನವರಿಗೆ ಒಂದೇ ಮಾತು, ಎರಡು ಸಲ:
"ಆರಲ್ಲ, ಏಳು. ಏಳು."

ನಾಲ್ಕೂವರೆಗೆ ಕಟ್ಟೆಯ ಮೆಟ್ಟಿಲಲ್ಲಿ ಎಣಿಸಿದರು.
ಆರು ಜನ ಕಂಬಳಿ ಹೊದ್ದು ಹತ್ತಿ ಬಂದರು.
ಆಮೇಲೆ ಸ್ವಲ್ಪ ಹೊತ್ತು ಬರೀ ಮೆಟ್ಟಿಲು.
ಆಮೇಲೆ ಒಂದು ಹಳದಿ ಅಂಗಿ,
ತೋಳು ಬೆರಳ ತುದಿ ದಾಟಿ ಜೋತಾಡುತ್ತ,
ಒಳಗಿರುವವನು ಇನ್ನೂ ಕಾಣದಷ್ಟು ದೊಡ್ಡದು.

ಕಚೇರಿಯಲ್ಲಿ ಕಿಟಕಿಯ ಮಂಜು ಒರೆಸುತ್ತ
ಹಾನುಸ್ ಕೇಳಿದ:
"ಆ ಒಂಬತ್ತರ ಕೆಳಗೆ?"

ಮಾರ್ಯುನ್ ಕೆಟಲಿನ ಮುಚ್ಚಳ ಹುಡುಕುತ್ತಿದ್ದಳು.